ಬಡಿಗೇರ ಓಣಿಯ ಸಾಕ್ಷಿ

ಹಳೆಯ ಮನೆಗಳನ್ನು ಕೆಡವಬಾರದು ಎಂದು ಕಾನೂನು ಮಾಡುವುದು ಸುಲಭ. ಕೆಡವಲೇಬೇಕೆಂದು ಹಟ ಹಿಡಿದವರು ಅದೇ ಕಾನೂನಿನಲ್ಲಿ ಒಂದು ಕಿಂಡಿ ಹುಡುಕುವುದು ಅದಕ್ಕಿಂತ ಸುಲಭ. ಅಂಥದೊಂದು ಕಿಂಡಿ ಕೊರೆದುಕೊಟ್ಟ ಯಂತ್ರವನ್ನು ಕಟ್ಟಿದವರಲ್ಲಿ ಗದಗಿನ ದಾಕ್ಷಾಯಣಿ ಬಡಿಗೇರಳೂ ಒಬ್ಬಳು. ಕಟ್ಟುವಾಗ ಆಕೆಗೆ ಇದು ಗೊತ್ತಿರಲಿಲ್ಲ, ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು.

ಸಮರೂಪ ಎಂಬ ಆ ಯಂತ್ರ ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೇ. ಬೀಳುವ ಸ್ಥಿತಿಗೆ ಬಂದ ಕಟ್ಟಡದೊಳಗೆ ಅಂಗೈಯಗಲದ ಹಾರುವ ಕಣ್ಣುಗಳನ್ನು ಬಿಟ್ಟರೆ ಗೋಡೆಯ ಬಿರುಕು, ಕಂಬದ ನುಣುಪು, ಮೂಲೆಯ ತಂಪು, ಅಡುಗೆಮನೆಯ ಹೊಗೆವಾಸನೆ, ನಡೆದಾಗ ಏಳುವ ಸದ್ದು, ಎಲ್ಲವನ್ನೂ ಅವು ಹೀರಿಕೊಂಡು ಬರುತ್ತಿದ್ದವು. ಊರಾಚೆಯ ಕೇಂದ್ರದಲ್ಲಿ ಒಂದು ಖಾಲಿ ಅಂಗಣವಿತ್ತು. ಅದರ ನೆಲ, ಗೋಡೆಗಳೆಲ್ಲ ಸೂಜಿಯಷ್ಟು ಸಣ್ಣ ಲಕ್ಷಾಂತರ ಕಡ್ಡಿಗಳು. ಆಜ್ಞೆ ಕೊಟ್ಟರೆ ಆ ಕಡ್ಡಿಗಳು ಏರಿಳಿದು ಹೊಸ್ತಿಲಾಗುತ್ತಿದ್ದವು, ಕಂಬವಾಗುತ್ತಿದ್ದವು, ಕಟ್ಟೆಯಾಗುತ್ತಿದ್ದವು. ಕನ್ನಡಕ ಹಾಕಿಕೊಂಡು ಒಳಹೊಕ್ಕವರಿಗೆ ಆ ಮನೆ ಕಾಣುತ್ತಿತ್ತು, ಮುಟ್ಟಿದರೆ ಕೈಗೆ ಸಿಗುತ್ತಿತ್ತು, ಮೂಗಿಗೂ ಬರುತ್ತಿತ್ತು. ಶಾಲೆಯ ಮಕ್ಕಳನ್ನು ಕರೆತಂದು ಬಿದ್ದುಹೋದ ವಾಡೆಗಳನ್ನು ತೋರಿಸುತ್ತಿದ್ದ ಆ ದಿನಗಳಲ್ಲಿ ದಾಕ್ಷಾಯಣಿ ತನ್ನ ಕೆಲಸದ ಬಗ್ಗೆ ಎದೆಯುಬ್ಬಿಸಿ ಮಾತಾಡುತ್ತಿದ್ದಳು.

ಆಮೇಲೆ ಕಾನೂನಿಗೆ ಒಂದು ತಿದ್ದುಪಡಿ ಬಂತು. ನಿಜದಷ್ಟೇ ನಿಜವಾದ ಪ್ರತಿರೂಪ ಇರುವ ಕಟ್ಟಡವನ್ನು ಉಳಿದಿದೆ ಎಂದೇ ಭಾವಿಸತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಕಟ್ಟಡ ಹೇಗೂ ಉಳಿದಿದೆ ಎಂದಮೇಲೆ ಅದು ನಿಂತ ಜಾಗ ಸುಮ್ಮನೆ ಯಾಕೆ ಬಿದ್ದಿರಬೇಕು? ನವನಿರ್ಮಾಣ ಮಂಡಳಿ ಒಂದಾದಮೇಲೊಂದು ಓಣಿಯನ್ನು ನುಂಗುತ್ತ ಬಂತು.

ಪ್ರತಿರೂಪ ನಿಜದಷ್ಟೇ ನಿಜವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಈ ವಿಷಯದಲ್ಲಿ ಕಾನೂನು ಬಲು ನ್ಯಾಯವಂತ. ಅಲ್ಲಿ ಬಾಳಿದವರೇ ಸಾಕ್ಷಿ ಹೇಳಬೇಕು, ಅದೂ ಬಾಯಿಂದಲ್ಲ, ಮೈಯಿಂದ. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟು, ಅಲ್ಲಿ ನೆಲವೇ ಸಿಕ್ಕರೆ ಎದೆ ಧಸಕ್ಕೆನ್ನುತ್ತದಲ್ಲ, ಅದಕ್ಕೆ ಕೇಂದ್ರದವರು ತೊಡರು ಎಂದು ಹೆಸರಿಟ್ಟಿದ್ದರು. ಹೊಸ ಜಾಗದಲ್ಲಿ ನಮಗೆ ಗೊತ್ತಾಗದಂತೆಯೇ ನಿಮಿಷಕ್ಕೆ ಹತ್ತಾರು ಸಲ ಮೈ ಹೀಗೆ ತೊಡರುತ್ತದೆ. ಸ್ವಂತ ಮನೆಯಲ್ಲಿ ತೊಡರುವುದೇ ಇಲ್ಲ. ಸಾಕ್ಷಿಯ ಮಣಿಕಟ್ಟಿಗೂ ಕುತ್ತಿಗೆಗೂ ಪಟ್ಟಿ ಕಟ್ಟಿ ಪ್ರತಿರೂಪದೊಳಗೆ ಓಡಾಡಿಸಿದಾಗ ಪರದೆಯ ಮೇಲಿನ ಗೆರೆ ಕೆಂಪುಪಟ್ಟಿ ದಾಟಿ ಅಲ್ಲೇ ಉಳಿಯದಿದ್ದರೆ ಪ್ರತಿರೂಪ ಪಾಸು, ಓಣಿ ನೆಲಸಮ.

ಈ ಸಲ ಸರದಿ ಬಂದದ್ದು ದಾಕ್ಷಾಯಣಿ ಹುಟ್ಟಿ ಬೆಳೆದ ಬಡಿಗೇರ ಓಣಿಗೆ.

ಓಣಿ ಎಂದರೆ ಎರಡು ಸಾಲು ಮಣ್ಣಿನ ಮಾಳಿಗೆ ಮನೆಗಳು. ಪ್ರತಿ ಮನೆಯ ಮುಂದೆ ಕಲ್ಲಿನ ಕಟ್ಟೆ, ಒಳಗೆ ಸಾಗವಾನಿ ಕಂಬಗಳ ಪಡಸಾಲೆ, ಮೇಲೆ ಬೆಳಕಿಂಡಿ. ಊರಿಗೆಲ್ಲ ಬಾಗಿಲು ಕೆತ್ತಿಕೊಟ್ಟ ಬಡಿಗರು ತಮ್ಮ ಮನೆಗೆ ಕೆತ್ತಿಕೊಂಡ ಬಾಗಿಲುಗಳವು, ಒಂದರಂತೆ ಇನ್ನೊಂದಿರಲಿಲ್ಲ. ಸ್ವಂತ ಬಾಗಿಲಿನಲ್ಲಿ ಒಂದು ಹೂವಿನ ಎಸಳನ್ನಾದರೂ ಕೆತ್ತದೆ ಬಿಡುವುದು ಅವರ ಪದ್ಧತಿ. ಕೆಲಸ ಮುಗಿಯಿತೆಂದರೆ ಮನೆಯ ಬೆಳವಣಿಗೆಯೂ ಮುಗಿಯಿತು ಎಂದು ಅವರ ನಂಬಿಕೆ. ಹಾರುವ ಕಣ್ಣುಗಳು ತಂದ ಚಿತ್ರದಲ್ಲಿ ಆ ಬೋಳು ಎಸಳುಗಳನ್ನು ಕಂಡ ಯಂತ್ರ, ಇದನ್ನು ತಿದ್ದಲೇ ಎಂದು ಮತ್ತೆ ಮತ್ತೆ ಕೇಳಿತು. ಬೇಡ ಎಂದು ಒತ್ತುವಾಗ ದಾಕ್ಷಾಯಣಿಗೆ ಕಣ್ಣು ತುಂಬಿ ಬಂದಿತ್ತು.

ಕೆಲಸ ಬಿಟ್ಟುಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅಣ್ಣ ಗುರುನಾಥ ಕೇಳಿಯೂ ಇದ್ದ. ತಾನು ಬಿಟ್ಟರೆ ಓಣಿಯ ಗಂಧಗಾಳಿ ಗೊತ್ತಿಲ್ಲದ ಇನ್ನೊಬ್ಬ ಬಂದು ಮಾಡಿ ಮುಗಿಸುತ್ತಾನೆ, ತಾನೇ ಇದ್ದರೆ ಎಲ್ಲಾದರೂ ಕೆಡಿಸಬಹುದು ಎಂಬುದು ಆಕೆಯ ಲೆಕ್ಕಾಚಾರ. ಆದರೆ ಕೆಡಿಸಲೆಂದೇ ಕುಳಿತವಳಿಗೆ ಕೈ ಬರಲಿಲ್ಲ. ಅಪ್ಪ ಒರಗಿ ಕೂರುತ್ತಿದ್ದ ಕಂಬದ ಜಿಡ್ಡಿನ ಕಲೆಯನ್ನು ಆಕೆ ಎರಡೆರಡು ಸಲ ಅಳೆದು ಸರಿಮಾಡಿದಳು. ಓಣಿಯಲ್ಲಿ ಕೆಲವರು ಆಕೆಯನ್ನು ಮನೆಮುರುಕಿ ಎನ್ನತೊಡಗಿದ್ದರು. ಬೈಗುಳವೊಂದು ಇಷ್ಟು ಸರಿಯಾಗಿ ಹೊಂದಿಕೊಳ್ಳುವುದು ಅಪರೂಪ.

ಸಾಕ್ಷಿಯಾಗಿ ಓಣಿಯವರೆಲ್ಲ ಸೇರಿ ಆರಿಸಿದ್ದು ದಾಕ್ಷಾಯಣಿಯ ದೊಡ್ಡವ್ವ ಮಾನವ್ವನನ್ನು. ಆಕೆಗೆ ವಯಸ್ಸು ಅರವತ್ತು ದಾಟಿತ್ತು. ಪಡಸಾಲೆಯಲ್ಲೇ ರೊಟ್ಟಿ ಬಡಿದು ಅರ್ಧ ಊರಿಗೆ ಮಾರುತ್ತಿದ್ದ ಗಟ್ಟಿ ಹೆಂಗಸು. ಅವ್ವ ಇಲ್ಲದ ದಾಕ್ಷಾಯಣಿಯನ್ನು ಸಾಕಿದವಳೂ ಆಕೆಯೇ. ಮಾನವ್ವನನ್ನು ಒಪ್ಪಿಸುವುದು ಬ್ರಹ್ಮನಿಂದಲೂ ಆಗದು ಎಂದು ಓಣಿಗೆಲ್ಲ ಗೊತ್ತಿತ್ತು. ಆರಿಸಿದ್ದೂ ಅದಕ್ಕೇ.

ಪರೀಕ್ಷೆಯ ಹಿಂದಿನ ದಿನ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು.

“ದೊಡ್ಡವ್ವಾ, ನೀ ಬಾಯಿಲೆ ಏನರೆ ಅನ್ನು, ಯಂತ್ರಕ್ಕ ಅದು ಕೇಳಂಗಿಲ್ಲ. ಮೈಯಾಗ ಒಪ್ಪಬಾರದು. ಇದು ನಮ್ಮನಿ ಅಲ್ಲ, ಇದು ಬರೇ ಕಡ್ಡಿ, ಬರೇ ಬೆಳಕು ಅಂತ ಅನಕೋಂತನ ಅಡ್ಯಾಡು.”

“ಬಂದಳಪಾ ಶ್ಯಾಣ್ಯಾಕಿ! ಈ ಮನ್ಯಾಗ ಅತ್ತಿ ಕೈಯಾಗ ಪಳಗಿದಾಕಿ ನಾನು. ಒಲ್ಲದ್ದನ್ನ ಒಲ್ಲೆ ಅನ್ನಾಕ ನನಗ ಕಲಸ್ತೀಯೇನ?” ಎಂದು ಮಾನವ್ವ ಎಲೆಗೆ ಸುಣ್ಣ ಸವರಿದಳು. “ನಿಮ್ಮ ಯಂತ್ರಕ್ಕ ಮಕಾ ತೋರಿಸಿ ಬರ್ತೀನಿ ಬಿಡು. ಮನಿ ಕೆಡವಾಕ ಬಂದಾರಂತ, ಕೆಡವ್ತಾರ!”

“ಹುಡುಗಾಟ ಅಲ್ಲಬೇ. ಪಾಸಾತಂದ್ರ ಮುಂದ ಕೋರ್ಟು ಇಲ್ಲ ಕಚೇರಿ ಇಲ್ಲ.”

“ಅಂಜಬ್ಯಾಡ ಮಗಳ. ಇನ್ನೊಬ್ಬರು ಕಟ್ಟಿದ ಮನಿಗಿ ನನ್ನ ಮೈ ಯಾಕ ಒಪ್ಪತೈತಿ?”

ಆ ಧೈರ್ಯ ನೋಡಿ ದಾಕ್ಷಾಯಣಿಗೆ ನಗುವೂ ಬಂತು, ಅಳುವೂ ಬಂತು. ಪ್ರತಿರೂಪದಲ್ಲಿ ತಾನು ಮಾಡಿಟ್ಟ ಒಂದು ಕಿತಾಪತಿಯನ್ನು ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಹೇಳಿದರೆ ದೊಡ್ಡವ್ವನಿಗೆ ಅದು ಅನಿರೀಕ್ಷಿತವಾಗುವುದಿಲ್ಲ, ಅನಿರೀಕ್ಷಿತವಲ್ಲದ್ದಕ್ಕೆ ಮೈ ತೊಡರುವುದಿಲ್ಲ.

ಕಿತಾಪತಿ ಇಷ್ಟೇ. ಗೋಡೆ, ಕಂಬ, ಬಾಗಿಲುಗಳ ಅಳತೆ ಕೂದಲಷ್ಟು ತಪ್ಪಿದರೂ ಯಂತ್ರ ತಾನೇ ಮೂಲದೊಂದಿಗೆ ಹೋಲಿಸಿ ಕೂಗು ಹಾಕುತ್ತದೆ. ಬೆಳಕನ್ನು ಮಾತ್ರ ಅದು ಹೋಲಿಸುವುದಿಲ್ಲ. ಬೆಳಕು ಗಳಿಗೆಗೊಂದು ಥರ ಇರುವಂಥದು, ಹೋಲಿಸುವುದಾದರೂ ಯಾವುದಕ್ಕೆ? ಪರೀಕ್ಷೆ ಬೆಳಗಿನ ಹೊತ್ತು. ಸಾಕ್ಷಿ ಪಡಸಾಲೆಯ ನಡುವೆ ಇರುವಾಗ ಬೆಳಕಿಂಡಿಯ ಬಿಸಿಲು ಸರ್ರನೆ ಕಂದಿ ಮುಚ್ಚಂಜೆಯಾಗುವಂತೆ ಆಕೆ ಬರೆದಿಟ್ಟಿದ್ದಳು. ಈಗಷ್ಟೇ ನಾಷ್ಟಾ ಮುಗಿಸಿ ಬಂದವರಿಗೆ ಕಣ್ಣೆದುರೇ ಹೊತ್ತು ಮುಳುಗಿದರೆ ಮೈ ಬೆಚ್ಚಿಬೀಳದೆ ಇರುತ್ತದೆಯೇ? ಆಮೇಲೆ ಪರೀಕ್ಷೆ ಮುಗಿಯುವವರೆಗೂ ಎಲ್ಲಕ್ಕೂ ಅನುಮಾನವೇ. ಗೆರೆ ಕೆಂಪುಪಟ್ಟಿ ದಾಟಿ ಕುಣಿಯುತ್ತದೆ ಎಂದು ಆಕೆ ನಂಬಿದ್ದಳು.

ಮರುದಿನ ನಿಯಂತ್ರಣ ಕೊಠಡಿಯಲ್ಲಿ ಮಂಡಳಿಯ ಇಬ್ಬರು ಅಧಿಕಾರಿಗಳು ಚಹಾ ಕುಡಿಯುತ್ತಿದ್ದರು. ಕೇಂದ್ರದ ಮುಖ್ಯಸ್ಥ ಶ್ರೀಪಾದ ಹುಯಿಲಗೋಳ ಪರದೆಯ ಮುಂದೆ ಕೂತಿದ್ದರು. ಯಾರಿಗೂ ನೋವಾಗದ ಹಾಗೆ ಮಾತಾಡುವ, ತಾನು ಮಾಡುತ್ತಿರುವುದು ಸಂರಕ್ಷಣೆ ಎಂದು ನಿಜಕ್ಕೂ ನಂಬಿದ್ದ ಮನುಷ್ಯ. ದಾಕ್ಷಾಯಣಿ ಅವರ ಪಕ್ಕದಲ್ಲೇ ಕೂತು, ಗಾಜಿನಾಚೆಯ ಅಂಗಣಕ್ಕೆ ದೊಡ್ಡವ್ವ ಕಾಲಿಡುವುದನ್ನು ನೋಡಿದಳು.

ಮಾನವ್ವ ಜಗಳಕ್ಕೆ ನಿಂತವಳಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ಬಂದಳು. “ಹ್ಞೂಂ, ಚಲೋ ಬಣ್ಣಾ ಬಳದೀರಿ,” ಎಂದು ಗೋಡೆ ತಟ್ಟಿದಳು. ಕಂಬದ ಹತ್ತಿರ ಮೂಗು ಚಾಚಿ, “ಇದೇನ ವಾಸನಿ? ನಮ್ಮ ಕಂಬ ಹಿಂಗ ನಾರೂದುಲ್ಲ,” ಎಂದಳು. ಗೆರೆ ಕೆಂಪುಪಟ್ಟಿಯ ಅಂಚಿನಲ್ಲಿ ಹಾರಾಡುತ್ತಿತ್ತು. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಇನ್ನೊಂದೇ ಒಂದು ತೊಡರು ಸಾಕು ಎಂದು ದಾಕ್ಷಾಯಣಿ ಮನಸ್ಸಿನಲ್ಲೇ ಮನೆದೇವರು ಮೌನೇಶ್ವರನಿಗೆ ಕೈಮುಗಿದಳು.

ಆಗ ಬೆಳಕಿಂಡಿಯ ಬಿಸಿಲು ಕಂದಿತು. ಪಡಸಾಲೆಯ ಮೂಲೆಗಳು ಕಪ್ಪಾದವು, ಹೊರಗೆಲ್ಲೋ ಹಕ್ಕಿಗಳ ಗಲಾಟೆ ಎದ್ದು ಅಡಗಿತು.

ಗೆರೆ ಚಂಗನೆ ಮೇಲಕ್ಕೆ ಹಾರಿತು, ಆಕೆ ಎಣಿಸಿದ್ದಕ್ಕಿಂತ ಎತ್ತರಕ್ಕೆ. ದಾಕ್ಷಾಯಣಿಗೆ ಉಸಿರು ಬಂದಂತಾಯಿತು.

ಮಾನವ್ವ ತಲೆಯೆತ್ತಿ ಬೆಳಕಿಂಡಿ ನೋಡಿದಳು. “ಅಯ್ಯ, ದೀಪಾ ಹಚ್ಚೂ ಹೊತ್ತಾತಲ್ಲ,” ಎಂದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಡಿಸಿ ತಲೆಯ ಮೇಲೆ ಹೊದ್ದುಕೊಂಡು, ಅಡುಗೆಮನೆ ದಾಟಿ ನೆಟ್ಟಗೆ ಹಿತ್ತಲಿಗೆ ನಡೆದು ಹಿಂದಿನ ಬಾಗಿಲು ಮುಚ್ಚಿ ಅಗಳಿ ಹಾಕಿದಳು. ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟಳು. ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲು ತೆರೆದಿದ್ದರೆ ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ. ಇದನ್ನು ಆ ಓಣಿಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ನೋಡುತ್ತ ನೋಡುತ್ತ ಮೈಗೆ ಬಂದದ್ದು. ಮನೆಯಲ್ಲಿ ಬೆಂಕಿ ಬಿದ್ದಿದ್ದರೂ ಮಾನವ್ವ ಮುಚ್ಚಂಜೆಯಲ್ಲಿ ಮೊದಲು ಹಿತ್ತಲ ಬಾಗಿಲು ಹಾಕುತ್ತಿದ್ದಳೋ ಏನೋ. ಗೂಡಿನಲ್ಲಿ ಕೈಯಾಡಿಸಿ ಕಡ್ಡಿಪೆಟ್ಟಿಗೆ ತೆಗೆದು ದೇವರ ಮುಂದಿನ ದೀಪ ಹಚ್ಚಿದಳು. ಕೈ ಎಲ್ಲೂ ತಡಕಾಡಲಿಲ್ಲ.

ಪರದೆಯ ಮೇಲೆ ಗೆರೆ ಕೆಳಗೆ ಬಿದ್ದು ಅಲ್ಲೇ ಮಲಗಿತು. ಅಷ್ಟು ನೆಟ್ಟಗಿನ ಗೆರೆಯನ್ನು ಕೇಂದ್ರದಲ್ಲಿ ಯಾರೂ ನೋಡಿರಲಿಲ್ಲ.

ದೀಪ ಹೊತ್ತಿಕೊಂಡಾಗ ದಾಕ್ಷಾಯಣಿಯ ಎರಡೂ ಕೈ ತಾವಾಗಿಯೇ ಜೋಡಿಕೊಂಡಿದ್ದವು. ಹುಯಿಲಗೋಳರು ಅದನ್ನು ನೋಡಿದರು. ನೋಡಿ, ತಾವೂ ಕೈ ಮುಗಿದರು.

“ದಾಕ್ಷಾಯಣಿ ಅವರ, ಖರೇ ಹೇಳ್ತೀನಿ, ನನಗ ಆಸೆ ಇರಲಿಲ್ಲ,” ಎಂದರು ಅವರು ಆಮೇಲೆ. “ಆಕಿ ಒಳಗ ಬಂದ ರೀತಿ ನೋಡಿ ಫೇಲ್ ಆತು ಅಂದಕೊಂಡಿದ್ದೆ. ನೀವು ಆ ಸಂಜಿ ಹಾಕಿದ್ರಲ್ಲ, ಅದರಿಂದ ಎಲ್ಲಾ ಸರಿ ಹೋತು ನೋಡ್ರಿ. ಮನಿಯವರಾಗಿದ್ದಕ್ಕ ನಿಮಗ ಹೊಳೀತು. ಬ್ಯಾರೆಯವರಿಗೆ ಹೊಳೀತಿರಲಿಲ್ಲ.”

ಅಧಿಕಾರಿಗಳು ಆಕೆಯ ಕೈ ಕುಲುಕಿದರು. ನಾನು ಅದನ್ನು ಮಾಡಿದ್ದು ಇದಕ್ಕಲ್ಲ ಎಂದರೆ ಕೆಲಸ ಹೋಗುತ್ತದೆ, ಓಣಿಯಂತೂ ಉಳಿಯುವುದಿಲ್ಲ. ಮುಚ್ಚಂಜೆಯೆಂದರೆ ಬೆಳಕಿನ ಒಂದು ಪ್ರಮಾಣ ಎಂದುಕೊಂಡಿದ್ದಳಲ್ಲ, ಆ ಮನೆಯಲ್ಲೇ ಹುಟ್ಟಿದವಳು, ಹೇಗೆ ಮರೆತಳು? ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೊರಗೆ ಮಾನವ್ವ ಪಟ್ಟಿ ಬಿಚ್ಚಿಸಿಕೊಳ್ಳುತ್ತ ಗೆದ್ದ ಮುಖ ಮಾಡಿಕೊಂಡು ನಿಂತಿದ್ದಳು. “ಹೆಂಗಬೇ? ಬೈದು ಬೈದು ಇಟ್ಟೆನಿಲ್ಲ?” ಎಂದಳು. ದಾಕ್ಷಾಯಣಿ ಆಕೆಯನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟಳು. ಆಗ ಮಾನವ್ವನಿಗೆ ಅರ್ಥವಾಯಿತು. ಏನು ತಪ್ಪಾಯಿತೆಂದು ಆಕೆ ಎಂದೂ ಕೇಳಲಿಲ್ಲ.

ಮಳೆಗಾಲ ಬರುವ ಮೊದಲೇ ಓಣಿ ಮಣ್ಣಾಯಿತು. ಗೋಡೆಗಳನ್ನು ಕೆಡವಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ, ಮಣ್ಣು ಮಣ್ಣಿಗೆ ಸೇರುವುದಕ್ಕೆ ತಕರಾರು ಮಾಡುವುದಿಲ್ಲ. ಬಾಗಿಲನ್ನಾದರೂ ಕೊಡಿ ಎಂದು ಗುರುನಾಥ ಗುತ್ತಿಗೆದಾರನ ಕೈಕಾಲು ಹಿಡಿದ. ಮೂಲದ ತುಂಡುಗಳು ಹೊರಗೆ ಉಳಿದರೆ ಪ್ರತಿರೂಪಕ್ಕೆ ಬೆಲೆ ಇರುವುದಿಲ್ಲ, ಆದ್ದರಿಂದ ಒಂದು ಚೂರನ್ನೂ ಬಿಡುವಂತಿಲ್ಲ ಎಂದು ನಿಯಮವಿತ್ತು. ಅಜ್ಜ ಒಂದು ಎಸಳು ಬಿಟ್ಟು ಕೆತ್ತಿದ್ದ ಬಾಗಿಲು ಚಕ್ಕೆಯಾಗಿ ಮರ ಸೀಳುವ ಯಂತ್ರದ ಬಾಯಿಯಿಂದ ಹೊರಬಂತು. ಗುರುನಾಥ ತಂಗಿಯ ಕಡೆ ತಿರುಗಿಯೂ ನೋಡದೆ ಹೋದ. ಆಮೇಲೆ ಹೆಂಡತಿಯ ತವರಾದ ಧಾರವಾಡಕ್ಕೆ ಹೋಗಿ ನಿಂತವನು ತಿರುಗಿ ಬರಲಿಲ್ಲ.

ಅದೇ ಜಾಗದಲ್ಲಿ ನಾಲ್ಕು ಗೋಪುರಗಳೆದ್ದವು. ಓಣಿಯವರಿಗೆ ಅದರಲ್ಲೇ ಮನೆ ಸಿಕ್ಕಿತು, ಮಾನವ್ವನಿಗೂ ದಾಕ್ಷಾಯಣಿಗೂ ಹದಿನಾಲ್ಕನೇ ಅಂತಸ್ತಿನಲ್ಲಿ. ನೆಲ ಅಂತಸ್ತಿನಲ್ಲೊಂದು ಅಂಗಣ ಮಾಡಿ ಬಡಿಗೇರ ಓಣಿಯ ಪ್ರತಿರೂಪವನ್ನು ಇಟ್ಟರು, ಸರದಿಯ ಮೇಲೆ ಅರ್ಧ ಗಂಟೆ ಒಳಗಿರಬಹುದು. ಮೊದಮೊದಲು ಜನ ಹೋಗಿ ಅತ್ತು ಬಂದರು. ಆಮೇಲೆ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸಿದರು. ಆಮೇಲೆ ಮಕ್ಕಳು ಕಣ್ಣಾಮುಚ್ಚಾಲೆ ಆಡಿದರು. ಕಡೆಕಡೆಗೆ ಬೀಗ ತೆಗೆಯುವವನೂ ಸರಿಯಾಗಿ ಬರುತ್ತಿರಲಿಲ್ಲ.

ಮಾನವ್ವ ಒಂದು ದಿನವೂ ಕಾಲಿಡಲಿಲ್ಲ. “ನನ್ನ ಮನಿಗಿ ನಾನು ಪಾಳಿ ಹಚ್ಚಿ ಹೋಗಬೇಕೇನ?” ಎಂದುಬಿಟ್ಟಳು. ಹೋಗುತ್ತಿದ್ದವಳು ದಾಕ್ಷಾಯಣಿ. ಕಂಬಕ್ಕೆ ಒರಗಿ, ಅಪ್ಪನ ತಲೆಯ ಜಿಡ್ಡಿನ ಕಲೆಗೆ ತನ್ನ ತಲೆ ತಾಗಿಸಿ, ಸಮಯ ಮುಗಿದ ಗಂಟೆಯಾಗುವವರೆಗೆ ಕೂರುತ್ತಿದ್ದಳು. ಓಣಿಯನ್ನು ಕಳೆದದ್ದು ತಾನೇ ಆದರೂ ಇಷ್ಟನ್ನಾದರೂ ಉಳಿಸಿದ್ದೇನಲ್ಲ ಎಂಬುದೊಂದೇ ಆಕೆಗೆ ಉಳಿದಿದ್ದ ಸಮಾಧಾನ.

ಎರಡು ವರ್ಷಕ್ಕೆ ನವೀಕರಣ ಪರೀಕ್ಷೆ ಬಂತು. ಪ್ರತಿರೂಪ ಇನ್ನೂ ನಿಜವಾಗಿಯೇ ಇದೆಯೇ ಎಂದು ಅದೇ ಸಾಕ್ಷಿಯಿಂದ ಮತ್ತೆ ನೋಡಬೇಕು, ಇಲ್ಲದಿದ್ದರೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಈ ಸಲ ದಾಕ್ಷಾಯಣಿ ದೊಡ್ಡವ್ವನ ಕಾಲು ಹಿಡಿಯುವುದೊಂದು ಬಾಕಿ.

“ಸುಮ್ನ ಹೋಗಿ ಅಡ್ಯಾಡಿ ಬಾರಬೇ. ಏನೂ ಅನಕೋಬ್ಯಾಡ. ಇದೊಂದು ಹೋತಂದ್ರ ನಮ್ಮ ಓಣಿ ಇತ್ತು ಅನ್ನಾಕ ಏನೂ ಉಳಿಯಂಗಿಲ್ಲ.”

“ಆತ ಬಿಡವಾ, ನಿನ ಸಲುವಾಗಿ ಬರ್ತೀನಿ,” ಎಂದಳು ಮಾನವ್ವ.

ದಾಕ್ಷಾಯಣಿ ತಾನು ಹಾಕಿದ್ದ ಮುಚ್ಚಂಜೆಯನ್ನು ತೆಗೆದು ಬೆಳಕನ್ನು ನೆಟ್ಟಗೆ ಮಾಡಿಟ್ಟಳು. ಒಂದು ಕೂದಲಷ್ಟೂ ತಪ್ಪು ಉಳಿಯದಂತೆ ಇಡೀ ವಾರ ತಿದ್ದಿದಳು. ಓಣಿ ಅಷ್ಟು ಸರಿಯಾಗಿ, ಅಷ್ಟು ಚೆಂದವಾಗಿ ಹಿಂದೆಂದೂ ಇರಲಿಲ್ಲ.

ಮಾನವ್ವ ನಗುನಗುತ್ತಲೇ ಒಳಗೆ ಕಾಲಿಟ್ಟಳು, ಇಟ್ಟವಳೇ ಹೊಸ್ತಿಲು ಎಡವಿದಳು. ಮೇಲಿನ ಮನೆಗಳಿಗೆ ಹೊಸ್ತಿಲಿರಲಿಲ್ಲ. ಗೆರೆ ಹಾರಿತು. ಸಾವರಿಸಿಕೊಂಡು ಪಡಸಾಲೆಯಲ್ಲಿ ನಿಂತು ಸುತ್ತಲೂ ನೋಡಿದಳು, ಬೀಗರ ಮನೆಗೆ ಬಂದವರು ನೋಡುವ ಹಾಗೆ. ಎರಡು ಕಂಬಗಳ ನಡುವೆ ಹಾಯುವಾಗ ಭುಜ ತಾಗಿತು. ಗೆರೆ ಮತ್ತೆ ಹಾರಿತು. ಅಡುಗೆಮನೆಗೆ ಹೋದವಳು ನಿಂತೇ ಇದ್ದು, ಸೊಂಟದೆತ್ತರಕ್ಕೆ ಎರಡೂ ಕೈ ಚಾಚಿ ಗಾಳಿಯಲ್ಲಿ ಏನನ್ನೋ ಹುಡುಕಿದಳು. ಆ ಮನೆಯಲ್ಲಿ ಒಲೆ ಇದ್ದದ್ದು ನೆಲದ ಮೇಲೆ. ಆಕೆ ಹುಡುಕುತ್ತಿದ್ದದ್ದು ಹದಿನಾಲ್ಕನೇ ಅಂತಸ್ತಿನ ಅಡುಗೆಕಟ್ಟೆಯನ್ನು. ಕೈ ಬರಿದಾಗಿ ನಿಂತದ್ದು ನೋಡಿ ಆಕೆಗೇ ಗಾಬರಿಯಾಯಿತು. ಗೆರೆ ಕೆಂಪುಪಟ್ಟಿಯನ್ನು ದಾಟಿ ಹೋಗಿ, ತಿರುಗಿ ಕೆಳಗಿಳಿಯಲೇ ಇಲ್ಲ.

“ಮನಿ ಬದಲಾಗಿಲ್ಲರಿ ಸರ, ಸಾಕ್ಷಿ ಬದಲಾಗ್ಯಾಳ,” ಎಂದಳು ದಾಕ್ಷಾಯಣಿ. “ಮನಿ ಹಂಗ ಐತಿ, ನೀವ ನೋಡ್ರಿ.”

“ನನಗ ಗೊತ್ತದ,” ಎಂದರು ಹುಯಿಲಗೋಳರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. “ಆದ್ರ ಸಾಕ್ಷಿಯ ಮೈ ಒಪ್ಪಲಾರದ್ದು ಸಮರೂಪ ಅಲ್ಲ ಅಂತನ ನಿಯಮ ಅದ. ನಾನು ಏನು ಮಾಡ್ಲಿ ಹೇಳ್ರಿ?”

“ಪ್ರತಿರೂಪ ಸುಳ್ಳಂದ್ರ, ಕೆಡವಿದ್ದೂ ತಪ್ಪು ಆಗಬೇಕಲ್ಲರಿ?”

ಹುಯಿಲಗೋಳರು ಕನ್ನಡಕ ತೆಗೆದು ಒರೆಸಿದರು. ಅಳಿಸುವ ಕೆಲಸಕ್ಕೆ ಯಾರ ಕೈಯೂ ಬೇಕಾಗಿರಲಿಲ್ಲ. ಫಲಿತಾಂಶ ದಾಖಲಾದ ಕೂಡಲೇ ಯಂತ್ರ ತಾನೇ ಶುರುಮಾಡಿತು. ಗಾಜಿನಾಚೆ ಬಾಗಿಲುಗಳು, ಕಂಬಗಳು, ಕಟ್ಟೆಗಳು ಸರಸರನೆ ನೆಲಕ್ಕಿಳಿದವು. ಬೋಳು ಅಂಗಣದ ನಡುವೆ ಮಾನವ್ವ ಒಬ್ಬಳೇ ನಿಂತಿದ್ದಳು. ಆ ಜಾಗಕ್ಕೆ ಮುಂದಿನ ವಾರ ಇನ್ನೊಂದು ಊರಿನ ಓಣಿಯನ್ನು ತುಂಬುವುದಿತ್ತು.

ಇಬ್ಬರೂ ಹೊರಗೆ ಬಂದರು.

“ಹ್ವಾದ ಸರತಿ ಮೈಯಾಗ ಒಪ್ಪಬ್ಯಾಡ ಅಂದಿದ್ದಿ,” ಎಂದಳು ಮಾನವ್ವ. “ಈ ಸರತಿ ಒಪ್ಪಲಿಲ್ಲ ನೋಡು. ನಾ ಏನೂ ಮಾಡಲಿಲ್ಲ ದಾಕ್ಷಿ, ಖರೇನ. ಕೈಗೆ ಏನೂ ಸಿಗಲೇ ಇಲ್ಲ.”

ದಾಕ್ಷಾಯಣಿ ಆಕೆಯ ಕೈ ಹಿಡಿದುಕೊಂಡಳು. ಲಿಫ್ಟು ಬಂತು. ಮಾನವ್ವ ಒಳಗೆ ಹೋಗಿ, ಗೋಡೆಯ ಕಡೆ ನೋಡದೆಯೇ, ಹದಿನಾಲ್ಕರ ಗುಂಡಿ ಒತ್ತಿದಳು.